ಪಂಚಾಯಿತಿ ತೀರ್ಮಾನ ಎಲ್ಲಿ ಆಗುತ್ತದೆ, ಅದನ್ನು ನಾವು ಪರಿಶೀಲಿಸುವುದು ಹೇಗೆ: ಒಂದು ಚರಂಡಿಯ ಹಿಂದೆ ಹೋಗಿ ಕಲಿತಿದ್ದು

ನಮ್ಮ ಬೀದಿಯ ಕೊನೆಯಲ್ಲಿ ಅಂಗನವಾಡಿ ಇದೆ. ಅದರ ಮುಂದೆ ಚರಂಡಿ ಇರಲಿಲ್ಲ. ಮಳೆ ಬಂದರೆ ಮೇಲಿನ ಬೀದಿಯ ನೀರೆಲ್ಲ ಅಂಗನವಾಡಿ ಅಂಗಳಕ್ಕೇ ನುಗ್ಗುತ್ತಿತ್ತು. ಎರಡು ವರ್ಷ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಹೇಳಿದೆವು. ಎಲ್ಲರೂ ತಲೆ ಆಡಿಸಿದರು, "ಮಾಡೋಣ" ಅಂದರು. ಏನೂ ಆಗಲಿಲ್ಲ. ಮೂರನೇ ವರ್ಷ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು, "ಸಭೆ ನಡಾವಳಿ ಪುಸ್ತಕದಲ್ಲಿ ಏನು ಬರೆದಿದ್ದಾರೆ ನೋಡಿದ್ಯೇನಪ್ಪಾ?" ಎಂದು ಕೇಳಿದರು. ನೋಡಿರಲಿಲ್ಲ. ಹೋಗಿ ಕೇಳಿ ನೋಡಿದರೆ, ಎರಡೂ ವರ್ಷದ ಸಭೆಗೆ ಒಂದೇ ಸಾಲು: "ಗ್ರಾಮದ ಅಭಿವೃದ್ಧಿ ಬಗ್ಗೆ ಚರ್ಚಿಸಲಾಯಿತು." ಚರಂಡಿ ಅನ್ನುವ ಪದವೇ ಅದರಲ್ಲಿರಲಿಲ್ಲ.

ಅವತ್ತು ನನಗೆ ಅರ್ಥವಾದದ್ದು ಇಷ್ಟು. ಗ್ರಾಮ ಪಂಚಾಯಿತಿಯಲ್ಲಿ ತೀರ್ಮಾನ ಅಂದರೆ ಬರೆದಿದ್ದು. ಬಾಯಲ್ಲಿ ಹೇಳಿದ್ದಲ್ಲ, ತಲೆ ಆಡಿಸಿದ್ದಲ್ಲ. ಹಾಗಾಗಿ ಪಂಚಾಯಿತಿಯನ್ನು ಪರಿಶೀಲಿಸಬೇಕು ಅನ್ನುವವರು ಜಗಳದಿಂದ ಶುರು ಮಾಡುವ ಬದಲು ಕಾಗದದಿಂದ ಶುರು ಮಾಡಬೇಕು. ಒಂದು ಬೇಡಿಕೆ ನಮ್ಮ ಬಾಯಿಂದ ಹೊರಟು ಯಾವ ಯಾವ ಪುಸ್ತಕದ ಮೂಲಕ ಹೋಗಿ ಬಿಲ್ ಆಗುತ್ತದೆ, ಎಲ್ಲೆಲ್ಲಿ ನಿಂತು ನಾವು ಕೇಳಬಹುದು ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ಇದು ಕರ್ನಾಟಕದ ಗ್ರಾಮ ಪಂಚಾಯಿತಿಗಳ ವಿಷಯ. ಪುರಸಭೆ, ನಗರಸಭೆಗಳಿಗೆ ಕಾನೂನೇ ಬೇರೆ.

ಮೊದಲು: ಯಾರು ಏನು ಅಂತ ತಿಳಿದುಕೊಳ್ಳಿ

ನಮ್ಮ ಪಂಚಾಯಿತಿಗಳು ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆಯ ಮೇಲೆ. ಈಗ ಅದಕ್ಕೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂದು ಹೆಸರು. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಬಂದ ಮೇಲೆ ಆದ ಕಾಯ್ದೆ ಇದು. ಆದರೆ ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಕರ್ನಾಟಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ಮಾಡಿ ದೇಶಕ್ಕೇ ದಾರಿ ತೋರಿಸಿತ್ತು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ ಅವರನ್ನು ಜನ ಇವತ್ತಿಗೂ ನೀರ್ ಸಾಬ್ ಅಂತಲೇ ನೆನೆಯುತ್ತಾರೆ.

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅರ್ಧ ಸೀಟು ಹೆಂಗಸರಿಗೆ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. ಗೆದ್ದ ಸದಸ್ಯರು ತಮ್ಮಲ್ಲೇ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುತ್ತಾರೆ. ಕಚೇರಿ ನೋಡಿಕೊಳ್ಳುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಎಲ್ಲರ ಬಾಯಲ್ಲಿ ಪಿಡಿಒ. ಇವರು ಸರ್ಕಾರಿ ನೌಕರರು. ತೀರ್ಮಾನ ಮಾಡುವುದು ಸದಸ್ಯರು, ಅದನ್ನು ಬರೆದು ಜಾರಿ ಮಾಡುವುದು ಪಿಡಿಒ. ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಸಹಿಯೂ ಬೇಕು. ಈಗ ಅದು ಹೆಚ್ಚಾಗಿ ಡಿಜಿಟಲ್ ಸಹಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಭೆಯಲ್ಲಿ ಕೂರಬೇಕಾದವರು ಆಯ್ಕೆಯಾದವರು. ಅಧ್ಯಕ್ಷೆಯ ಗಂಡ, ಸದಸ್ಯೆಯ ಮಗ, ಅಣ್ಣ ಯಾರೂ ಅಲ್ಲ. ಡಿಜಿಟಲ್ ಸಹಿಯ ಕೀ ಇರಬೇಕಾದದ್ದೂ ಅಧ್ಯಕ್ಷೆಯ ಕೈಯಲ್ಲೇ. ಹೀಗೆ ಆಗುತ್ತಿಲ್ಲ ಅನಿಸಿದರೆ ಸಭೆಯಲ್ಲೇ ಕೇಳಿ. ಕೇಳುವುದು ಆ ಹೆಣ್ಣುಮಗಳ ವಿರುದ್ಧ ಅಲ್ಲ, ಅವರ ಪರ. ನಮ್ಮಲ್ಲಿ ಒಮ್ಮೆ ಹೀಗೆ ಕೇಳಿದ ಮೇಲೆ, ಅಲ್ಲಿಯವರೆಗೆ ಸುಮ್ನೆ ಕೂತಿರುತ್ತಿದ್ದ ಸದಸ್ಯೆಯೊಬ್ಬರು ನೀರಿನ ವಿಷಯದಲ್ಲಿ ಅರ್ಧ ಗಂಟೆ ಮಾತಾಡಿದರು. ಯಾವ ಕೊಳಾಯಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಮೂರು ಸಭೆಗಳನ್ನು ಕಲಸಿಕೊಳ್ಳಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ. ವಾರ್ಡ್ ಸಭೆ, ಗ್ರಾಮ ಸಭೆ, ಸಾಮಾನ್ಯ ಸಭೆ ಮೂರೂ ಬೇರೆ ಬೇರೆ.

ವಾರ್ಡ್ ಸಭೆ ಅಂದರೆ ನಿಮ್ಮ ವಾರ್ಡಿನ ಎಲ್ಲ ಮತದಾರರ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಆಗಬೇಕು. ನಿಮ್ಮ ವಾರ್ಡಿನ ಸದಸ್ಯರೇ ಅಧ್ಯಕ್ಷತೆ ವಹಿಸುತ್ತಾರೆ. ಮತದಾರರಲ್ಲಿ ಹತ್ತರಲ್ಲಿ ಒಂದು ಭಾಗ ಅಥವಾ 20 ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಆಯಿತು. ನಿಮ್ಮ ಬೀದಿಯ ಕೆಲಸ, ಯಾರಿಗೆ ಮನೆ ಬೇಕು, ಎಲ್ಲಿ ಬೀದಿದೀಪ ಇಲ್ಲ ಅನ್ನುವುದೆಲ್ಲ ಮೊದಲು ಪಟ್ಟಿಯಾಗುವುದು ಇಲ್ಲಿ. ಜನ ಇದನ್ನು ಚಿಕ್ಕ ಸಭೆ ಅಂತ ಬಿಡುತ್ತಾರೆ. ಬಿಡಬೇಡಿ. ಗ್ರಾಮ ಸಭೆಯಲ್ಲಿ ನೂರು ಬೇಡಿಕೆ ಇರುತ್ತದೆ, ಇಲ್ಲಿ ಹತ್ತಿರುತ್ತದೆ.

ಗ್ರಾಮ ಸಭೆ ಅಂದರೆ ಇಡೀ ಪಂಚಾಯಿತಿ ವ್ಯಾಪ್ತಿಯ ಮತದಾರರ ಸಭೆ. ಇದೂ ಆರು ತಿಂಗಳಿಗೊಮ್ಮೆ. ಅಧ್ಯಕ್ಷರು ನಡೆಸುತ್ತಾರೆ, ಸಭೆ ನೋಡಿಕೊಳ್ಳಲು ಹೊರಗಿನಿಂದ ನೇಮಿಸಿದ ಒಬ್ಬ ನೋಡಲ್ ಅಧಿಕಾರಿ ಬಂದಿರುತ್ತಾರೆ. ಹತ್ತರಲ್ಲಿ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ಬಂದವರಲ್ಲಿ ಶೇ. 30ರಷ್ಟಾದರೂ ಹೆಂಗಸರು ಇರಬೇಕು, ಪ್ರತಿ ವಾರ್ಡಿನಿಂದ ಜನ ಬಂದಿರಬೇಕು. ಮನೆ ಕೊಡುವಂಥ ಯೋಜನೆಗಳ ಫಲಾನುಭವಿ ಪಟ್ಟಿ ಇಲ್ಲಿ ಓದಿ ಒಪ್ಪಿಗೆ ಪಡೆಯಬೇಕು. ಹಿಂದಿನ ಸಭೆಯಲ್ಲಿ ಹೇಳಿದ್ದು ಏನಾಯಿತು ಅನ್ನುವ ಅನುಪಾಲನಾ ವರದಿಯನ್ನೂ ಇಲ್ಲೇ ಓದಬೇಕು. ಓದದೆ ಮುಂದೆ ಹೋದರೆ ನಿಲ್ಲಿಸಿ, "ಹೋದ ಸಭೆಯ ಅನುಪಾಲನಾ ವರದಿ ಓದಿ ಸಾರ್" ಅಂತ ಕೇಳಿ. ಈ ಒಂದು ಸಾಲು ಬಾಯಿಪಾಠ ಮಾಡಿಕೊಳ್ಳಿ. ಇದರಷ್ಟು ಉಪಯೋಗಕ್ಕೆ ಬಂದ ಪ್ರಶ್ನೆ ನನಗೆ ಬೇರೆ ಸಿಕ್ಕಿಲ್ಲ.

ಇದರ ಜೊತೆ ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆ ಅಂತಲೂ ಇವೆ. ಮಕ್ಕಳ ಗ್ರಾಮ ಸಭೆಗೆ ಒಮ್ಮೆ ಹೋಗಿ ನೋಡಿ. ಶಾಲೆ ಶೌಚಾಲಯಕ್ಕೆ ನೀರಿಲ್ಲ, ಬಸ್ ಸ್ಟಾಪ್ ಹತ್ತಿರ ಕುಡುಕರು ಕೂರುತ್ತಾರೆ ಅಂತ ಮಕ್ಕಳು ನೇರವಾಗಿ ಹೇಳುತ್ತಾರೆ.

ಮೂರನೆಯದು ಸಾಮಾನ್ಯ ಸಭೆ. ಇದು ಸದಸ್ಯರ ಸಭೆ, ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಮತ ಹಾಕುವ ಹಕ್ಕು ಸದಸ್ಯರಿಗೆ ಮಾತ್ರ. ಮೊದಲ ಎರಡು ಸಭೆಯಲ್ಲಿ ಜನ ಕೇಳುತ್ತಾರೆ, ಈ ಸಭೆಯಲ್ಲಿ ಪಂಚಾಯಿತಿ ನಿರ್ಣಯ ಮಾಡುತ್ತದೆ. ನಮ್ಮ ಚರಂಡಿ ವಾರ್ಡ್ ಸಭೆಯಲ್ಲೇ ಸತ್ತುಹೋಗಿತ್ತು. ಈ ಬಾಗಿಲು ದಾಟಿರಲೇ ಇಲ್ಲ.

ನಿಮ್ಮ ಬೇಡಿಕೆಯನ್ನು ಪುಸ್ತಕದೊಳಗೆ ಸೇರಿಸುವುದು

ಮೂರನೇ ವರ್ಷ ನಾವು ಮಾಡಿದ್ದು ಹೀಗೆ.

ಸಭೆಗೆ ಒಂದು ವಾರ ಇರುವಾಗಲೇ ಅರ್ಜಿ ಬರೆದೆವು. ಒಂದೇ ಹಾಳೆ, ಒಂದೇ ವಿಷಯ. "ಚರಂಡಿ ಮಾಡಿಕೊಡಿ" ಅಂತ ಬರೆಯಲಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಯಾವ ಮನೆಯ ಹತ್ತಿರ ಶುರುವಾಗಿ ಯಾವ ಮೋರಿಗೆ ಸೇರಬೇಕು, ನೀರು ನುಗ್ಗಿದರೆ ಎಷ್ಟು ಮಕ್ಕಳಿಗೆ ತೊಂದರೆ ಅಂತೆಲ್ಲ ಬರೆದೆವು. ಹೆಜ್ಜೆ ಹಾಕಿ ಅಳೆದದ್ದಲ್ಲ, ಟೇಪ್ ಹಿಡಿದು ಅಳೆದೆವು. 100 ಮೀಟರ್. ಕೆಳಗೆ ಬೀದಿಯವರ ಸಹಿ ಮತ್ತು ಹೆಬ್ಬೆಟ್ಟು.

ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ, ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. "ಬಿಡಿ, ನಮಗೆ ಗೊತ್ತಿದೆ, ಸೀಲು ಯಾಕೆ?" ಅಂದರೂ ಹಾಕಿಸಿಕೊಳ್ಳಿ. ಜಗಳ ಬೇಡ, ನಗುನಗುತ್ತಾ ನಿಂತುಕೊಳ್ಳಿ, ಹಾಕಿ ಕೊಡುತ್ತಾರೆ. ಕೊಡಲೇ ಇಲ್ಲ ಅಂದರೆ ಅಂಚೆಯಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ.

ಸಭೆಯ ದಿನ ಅರ್ಜಿಯನ್ನು ಓದಿಸಿ. ನಾವು ಓದಲಿಲ್ಲ, ಅಂಗನವಾಡಿಗೆ ಮಗು ಕಳಿಸುವ ಒಬ್ಬ ತಾಯಿ ಓದಿದರು. ಓದಿ ಮುಗಿದ ಮೇಲೆ ಸಭೆ ಮುಗಿಯುವವರೆಗೆ ಎದ್ದು ಹೋಗಬೇಡಿ. ಇದು ಬಹಳ ಮುಖ್ಯ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಊಟದ ಹೊತ್ತಿಗೆ ಎಲ್ಲರೂ ಮನೆಗೆ ಹೋಗುತ್ತಾರೆ, ನಡಾವಳಿ ಆಮೇಲೆ ಯಾವಾಗಲೋ ಬರೆಯುತ್ತಾರೆ, ಅಷ್ಟರಲ್ಲಿ ಅರ್ಧ ಮಾತು ಮರೆತುಹೋಗಿರುತ್ತದೆ. ಕೂತಿದ್ದು, "ನಮ್ಮ ವಿಷಯ ಬರೆದದ್ದನ್ನು ಒಮ್ಮೆ ಓದಿ ಹೇಳಿ" ಎಂದು ಕೇಳಿ. ಬೀದಿಯ ಹೆಸರು, ಉದ್ದ, ಕೆಲಸದ ಹೆಸರು ಮೂರೂ ಬಂದಿದೆಯಾ ನೋಡಿ. ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಮಾತ್ರ ಯಾವತ್ತೂ ಸಹಿ ಹಾಕಬೇಡಿ, ಎಷ್ಟೇ ಪರಿಚಯದವರು ಕೇಳಿದರೂ.

ಸಭೆಯೇ ಕರೆಯುತ್ತಿಲ್ಲ ಅಂದರೆ? ಗ್ರಾಮ ಸಭೆಯ ಸದಸ್ಯರಲ್ಲಿ, ಅಂದರೆ ಮತದಾರರಲ್ಲಿ, ಶೇ. 10ರಷ್ಟು ಜನ ಯಾವ ವಿಷಯ ಚರ್ಚಿಸಬೇಕು ಅಂತ ಬರೆದು ಸಹಿ ಹಾಕಿ ಕೇಳಿದರೆ ವಿಶೇಷ ಗ್ರಾಮ ಸಭೆ ಕರೆಯಬೇಕು. ಸಹಿ ಸೇರಿಸುವುದು ಕಷ್ಟದ ಕೆಲಸ. ಆದರೆ ನೀರಿನಂಥ ವಿಷಯಕ್ಕೆ ಎರಡು ಸಂಜೆಯಲ್ಲಿ ಸಹಿ ಆಗುತ್ತದೆ.

ಹಣ ಯಾವ ತಲೆಬರಹದಲ್ಲಿದೆ ಅಂತ ಗೊತ್ತಿರಲಿ

"ಹಣ ಇಲ್ಲ" ಅನ್ನುವುದು ನಿಮಗೆ ಸಿಗುವ ಮೊದಲ ಉತ್ತರ. ಕೆಲವು ಸಲ ಅದು ನಿಜವೇ. ಪಂಚಾಯಿತಿಯವರನ್ನು ಸುಮ್ನೆ ಬೈಯುವ ಮೊದಲು ಇದನ್ನು ತಿಳಿದುಕೊಳ್ಳುವುದು ನ್ಯಾಯ. ಬಂದ ಹಣವನ್ನೆಲ್ಲ ಬೇಕಾದ ಹಾಗೆ ಖರ್ಚು ಮಾಡುವ ಸ್ವಾತಂತ್ರ್ಯ ಅವರಿಗಿಲ್ಲ.

ಉದಾಹರಣೆಗೆ 15ನೇ ಹಣಕಾಸು ಆಯೋಗದ ಅನುದಾನ, ಅಂದರೆ ಕೇಂದ್ರದಿಂದ ಬರುತ್ತಿದ್ದ ಹಣ. 2021ರಿಂದ 2026ರವರೆಗಿನ ಲೆಕ್ಕದಲ್ಲಿ ಅದರ ಶೇ. 60 ಕಟ್ಟಿಹಾಕಿದ ಹಣವಾಗಿತ್ತು. ಅಂದರೆ ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯ ಇಂಥದಕ್ಕೇ ಹಾಕಬೇಕಿತ್ತು. ಉಳಿದ ಶೇ. 40ನ್ನು ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ. ಇದಲ್ಲದೆ ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ ಇದೆ. ಉದ್ಯೋಗ ಖಾತ್ರಿಯಲ್ಲಿ ಕೂಲಿ ಮತ್ತು ಸಾಮಗ್ರಿ ಲೆಕ್ಕದ ಕೆಲಸಗಳಿವೆ. ಕೊನೆಯದಾಗಿ ಪಂಚಾಯಿತಿಯ ಸ್ವಂತ ಹಣ: ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸ್ ಶುಲ್ಕ, ಸಂತೆ ಸುಂಕ. ನಾವು ಕಂದಾಯ ಕಟ್ಟದೆ ಬಾಕಿ ಇಟ್ಟುಕೊಂಡು ಬೀದಿದೀಪ ಕೇಳಿದರೆ ಕೇಳುವ ಧ್ವನಿಗೆ ಬಲ ಇರುವುದಿಲ್ಲ. ಮೊದಲು ಅದನ್ನು ಕಟ್ಟಿ ರಶೀದಿ ಇಟ್ಟುಕೊಂಡು ಹೋಗಿ.

ಹಾಗಾಗಿ "ಹಣ ಇಲ್ಲ" ಅಂದಾಗ ಕೇಳಬೇಕಾದ್ದು, "ಯಾವ ಅನುದಾನದಲ್ಲಿ ಇಲ್ಲ?" ನಮ್ಮ ಚರಂಡಿ ಕೊಳಚೆ ನೀರು ಹೋಗುವ ಕೆಲಸವೂ ಆಗಿದ್ದರಿಂದ ನೈರ್ಮಲ್ಯದ ಹಣದಲ್ಲಿ ಜಾಗ ಇತ್ತು. ಅದನ್ನು ಹುಡುಕಿ ಹೇಳಿದ್ದು ಪಂಚಾಯಿತಿಯ ಡೇಟಾ ಎಂಟ್ರಿ ಮಾಡುವ ಹುಡುಗಿ. ಕಚೇರಿಯಲ್ಲಿ ಇಂಥವರು ಇರುತ್ತಾರೆ, ಅವರ ಹತ್ತಿರ ಗೌರವದಿಂದ ಮಾತಾಡಿ.

ಸಮಯವೂ ಮುಖ್ಯ. ಮುಂದಿನ ವರ್ಷದ ಯೋಜನೆ ತಯಾರಿ ಹೆಚ್ಚುಕಡಿಮೆ ಅಕ್ಟೋಬರ್ 2, ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬಜೆಟ್ ಆಗುತ್ತದೆ. ಏಪ್ರಿಲ್‌ನಲ್ಲಿ ಹೋಗಿ ಕೇಳಿದರೆ ಕ್ರಿಯಾ ಯೋಜನೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿ, ಮುಗಿದಿರುತ್ತದೆ. ನಾವು ಮೊದಲೆರಡು ವರ್ಷ ಮಳೆ ಬಂದು ನೀರು ನುಗ್ಗಿದ ಮೇಲೆ, ಜೂನ್‌ನಲ್ಲಿ ಹೋಗಿ ಕೂಗಾಡುತ್ತಿದ್ದೆವು. ಮಳೆಗಾಲದ ಕೆಲಸವನ್ನು ಹಿಂದಿನ ನವರಾತ್ರಿ ಹೊತ್ತಿಗೇ ಕೇಳಬೇಕು.

ಸಾಮಾನ್ಯ ಸಭೆಯ ನಡಾವಳಿ ಓದುವುದು

ಗ್ರಾಮ ಸಭೆಯಲ್ಲಿ ಬರೆಸಿದ್ದು ಸಾಮಾನ್ಯ ಸಭೆಯ ಅಜೆಂಡಾಕ್ಕೆ ಬರಬೇಕು. ಸಾಮಾನ್ಯ ಸಭೆಗೆ ಏಳು ದಿನ ಮುಂಚೆ ಸದಸ್ಯರಿಗೆ ನೋಟಿಸ್ ಹೋಗುತ್ತದೆ, ವಿಶೇಷ ಸಭೆಯಾದರೆ ಮೂರು ದಿನ. ನೋಟಿಸ್ ಜೊತೆ ವಿಷಯಗಳ ಪಟ್ಟಿ ಇರುತ್ತದೆ. ನಿಮ್ಮ ಸದಸ್ಯರ ಹತ್ತಿರ ಆ ಪಟ್ಟಿ ಕೇಳಿ ನೋಡಿ. ನಿಮ್ಮ ವಿಷಯ ಇಲ್ಲದಿದ್ದರೆ ಅವರ ಕೈಯಲ್ಲೇ ಬರೆಸಿ ಸೇರಿಸಲು ಹೇಳಿ. "ಇತರೆ ವಿಷಯಗಳು, ಅಧ್ಯಕ್ಷರ ಅಪ್ಪಣೆ ಮೇರೆಗೆ" ಅನ್ನುವ ಕೊನೆಯ ಸಾಲಿನಲ್ಲಿ ಬರಲಿ ಅಂತ ಬಿಡಬೇಡಿ. ಅಷ್ಟು ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ.

ಸಭೆಯಲ್ಲಿ ಸದಸ್ಯರು ಒಪ್ಪಿದರೆ ನಿರ್ಣಯ, ಹಳಬರ ಮಾತಲ್ಲಿ ಠರಾವು. ಎಲ್ಲರೂ ಒಪ್ಪದಿದ್ದರೆ ಮತಕ್ಕೆ ಹಾಕುತ್ತಾರೆ. ಮತ ಸಮ ಬಂದರೆ ಅಧ್ಯಕ್ಷತೆ ವಹಿಸಿದವರದು ನಿರ್ಣಾಯಕ ಮತ. ತನಗೆ ಹಣದ ಲಾಭ ಇರುವ ವಿಷಯದಲ್ಲಿ ಸದಸ್ಯರು ಚರ್ಚೆಗೂ ಮತಕ್ಕೂ ಕೂರುವಂತಿಲ್ಲ. ಒಪ್ಪದ ಸದಸ್ಯರು ತಮ್ಮ ವಿರೋಧವನ್ನು ನಡಾವಳಿಯಲ್ಲಿ ಬರೆಸಬೇಕು. ಹೊರಗೆ ಬಂದು ಚಹಾ ಅಂಗಡಿಯಲ್ಲಿ "ನಾನು ಒಪ್ಪಿರಲಿಲ್ಲ" ಅಂದರೆ ಅದಕ್ಕೆ ಸಾಕ್ಷಿ ಇಲ್ಲ. ನಿಮ್ಮ ಸದಸ್ಯರಿಗೆ ಇದನ್ನು ಹೇಳಿಕೊಡಿ. ಹೊಸದಾಗಿ ಗೆದ್ದ ಎಷ್ಟೋ ಜನರಿಗೆ ಇದು ಗೊತ್ತಿರುವುದೇ ಇಲ್ಲ.

ಇದರ ಕೆಳಗೆ ಸ್ಥಾಯಿ ಸಮಿತಿಗಳಿವೆ, ಅಂದರೆ ಒಂದೊಂದು ವಿಷಯ ನೋಡಿಕೊಳ್ಳುವ ಸದಸ್ಯರ ಸಣ್ಣ ಗುಂಪುಗಳು. ಅದರಲ್ಲಿ ಒಂದು ಸಾಮಾಜಿಕ ನ್ಯಾಯ ಸಮಿತಿ. ಸಾಮಾಜಿಕ ನ್ಯಾಯ ಸಮಿತಿಗೆ ಉಪಾಧ್ಯಕ್ಷರೇ ಮುಖ್ಯಸ್ಥರು. ಅದರಲ್ಲಿ ಹೆಂಗಸರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಬಹಳ ಕಡೆ ಈ ಸಮಿತಿಗಳು ಹೆಸರಿಗೆ ಮಾತ್ರ ಇವೆ ಅನ್ನುವುದು ನನ್ನ ಅನಿಸಿಕೆ. ಆದರೆ ಪರಿಶಿಷ್ಟರ ಕೇರಿಗೆ ಮೀಸಲಿಟ್ಟ ಹಣ ಅಲ್ಲಿಗೇ ಹೋಯಿತಾ ಎಂದು ಕೇಳಲು ಇದಕ್ಕಿಂತ ಸರಿಯಾದ ಜಾಗ ಪಂಚಾಯಿತಿಯಲ್ಲಿ ಇಲ್ಲ. ಸಮಿತಿ ಕೊನೆಗೆ ಯಾವಾಗ ಸೇರಿತ್ತು ಅಂತ ಕೇಳಿ ನೋಡಿ, ಆ ಒಂದು ಪ್ರಶ್ನೆಗೇ ಮುಂದಿನ ತಿಂಗಳು ಸಭೆ ಸೇರಬಹುದು.

ಈಗ ನಡಾವಳಿ ಓದುವ ವಿಷಯ. ನಾನು ನೋಡುವ ಕ್ರಮ ಇದು. ಮೊದಲು ದಿನಾಂಕ ಮತ್ತು ಹಾಜರಿ: ಎಷ್ಟು ಸದಸ್ಯರು ಸಹಿ ಹಾಕಿದ್ದಾರೆ, ಅವತ್ತು ಊರಲ್ಲೇ ಇರದವರ ಸಹಿ ಇದೆಯಾ? ಆಮೇಲೆ ವಿಷಯ ಸಂಖ್ಯೆ ಮತ್ತು ನಿರ್ಣಯ ಸಂಖ್ಯೆ: ನಡುವೆ ಸಂಖ್ಯೆ ಹಾರಿದೆಯಾ, ಎರಡು ಸಾಲಿನ ನಡುವೆ ಬೇರೆ ಶಾಯಿಯಲ್ಲಿ ಏನಾದರೂ ತುರುಕಿದ್ದಾರಾ? ಮೂರನೆಯದು ನಿರ್ಣಯದ ಮಾತು. "ಚರ್ಚಿಸಲಾಯಿತು" ಅಂದರೆ ಏನೂ ಆಗಿಲ್ಲ. "ಮುಂದಿನ ಸಭೆಗೆ ಮುಂದೂಡಲಾಯಿತು" ಅಂದರೆ ನೀವು ಮುಂದಿನ ಸಭೆಯ ದಿನಾಂಕ ಬರೆದಿಟ್ಟುಕೊಳ್ಳಬೇಕು. "ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಅಂದರೆ ಯಾರು, ಯಾವಾಗ ಅಂತ ಕೇಳಬೇಕು. ಕೆಲಸದ ಹೆಸರು, ಅಂದಾಜು ಮೊತ್ತ, ಅನುದಾನದ ಹೆಸರು ಮೂರೂ ಇರುವ "ಅನುಮೋದಿಸಲಾಯಿತು" ಅನ್ನುವ ಸಾಲು ಸಿಕ್ಕಿದರೆ ಮಾತ್ರ ನಿಮ್ಮ ಕೆಲಸ ತೀರ್ಮಾನ ಆಗಿದೆ ಅಂತ ತಿಳಿಯಿರಿ. ನಾಲ್ಕನೆಯದು, ಖರ್ಚಿನ ಒಪ್ಪಿಗೆ. ಮೋಟಾರ್ ರಿಪೇರಿ, ಪೈಪ್‌ಲೈನ್, ಬೀದಿದೀಪದ ಬಲ್ಬು, ಬ್ಲೀಚಿಂಗ್ ಪುಡಿ ಇಂಥ ಸಣ್ಣ ಬಿಲ್ಲುಗಳು ಪ್ರತಿ ತಿಂಗಳೂ ಬರುತ್ತವೆ. ಒಂದು ವರ್ಷದ ನಡಾವಳಿ ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದೇ ಬೋರ್‌ವೆಲ್‌ನ ಮೋಟಾರ್ ಎಷ್ಟು ಸಲ ರಿಪೇರಿ ಆಗಿದೆ ಅಂತ ಗೊತ್ತಾಗುತ್ತದೆ. ಒಂದೇ ತಿಂಗಳದ್ದು ಓದಿದರೆ ಗೊತ್ತಾಗುವುದಿಲ್ಲ.

ಒಮ್ಮೆ ಆದ ನಿರ್ಣಯವನ್ನು ಆರು ತಿಂಗಳೊಳಗೆ ಸುಲಭವಾಗಿ ತಿದ್ದಲು, ರದ್ದು ಮಾಡಲು ಬರುವುದಿಲ್ಲ, ಅದಕ್ಕೆ ಸಾಧಾರಣ ನಿರ್ಣಯಕ್ಕಿಂತ ಜಾಸ್ತಿ ಸದಸ್ಯರ ಬೆಂಬಲ ಬೇಕು. ಹಾಗಾಗಿ "ಅದು ಕ್ಯಾನ್ಸಲ್ ಆಯ್ತು" ಅಂತ ಯಾರಾದರೂ ಬಾಯಲ್ಲಿ ಹೇಳಿದರೆ ರದ್ದು ಮಾಡಿದ ನಿರ್ಣಯದ ಸಂಖ್ಯೆ ಕೇಳಿ.

ನಡಾವಳಿಯ ಪ್ರತಿ ಕೊಡದಿದ್ದರೆ

ಮೊದಲು ಸುಮ್ನೆ ಹೋಗಿ ಕೇಳಿ. ಎಷ್ಟೋ ಕಡೆ ತೋರಿಸುತ್ತಾರೆ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರೆ ಸಾಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಇಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು.

"ಚರಂಡಿ ಯಾಕೆ ಮಾಡಿಲ್ಲ?" ಅಂತ ಬರೆಯಬೇಡಿ. ಅದು ಪ್ರಶ್ನೆ, ದಾಖಲೆ ಅಲ್ಲ. ಹೀಗೆ ಬರೆಯಿರಿ: "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಡೆದ ಸಾಮಾನ್ಯ ಸಭೆಗಳ ನಡಾವಳಿಯ ದೃಢೀಕೃತ ಪ್ರತಿಗಳನ್ನು ನೀಡಿ." ಕಾಮಗಾರಿ ಬಗ್ಗೆಯಾದರೆ, "ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿ ವೋಚರ್ ಪ್ರತಿ ನೀಡಿ." ಪ್ರತಿ ತೆಗೆಸುವ ಖರ್ಚು ಜಾಸ್ತಿ ಆಗುತ್ತದೆ ಅನಿಸಿದರೆ ದಾಖಲೆಗಳನ್ನು ಕಚೇರಿಯಲ್ಲೇ ಕೂತು ನೋಡಲು ಅವಕಾಶ ಕೇಳಿ. ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಮನೆಯಲ್ಲೇ ಕೂತು ನೋಡುವುದಾದರೆ ಕೇಂದ್ರದ ಇ-ಗ್ರಾಮ್ ಸ್ವರಾಜ್ ಪೋರ್ಟಲ್‌ನಲ್ಲಿ ನಿಮ್ಮ ಪಂಚಾಯಿತಿಯ ಯೋಜನೆ ಮತ್ತು ಪಾವತಿ ಕಾಣಿಸುತ್ತದೆ. ರಾಜ್ಯದ ಪಂಚತಂತ್ರ ತಂತ್ರಾಂಶದಲ್ಲಿ ಪಂಚಾಯಿತಿಯ ಲೆಕ್ಕ ಇರುತ್ತದೆ. ಮೊಬೈಲಲ್ಲಿ ನೋಡಲು ಸ್ವಲ್ಪ ತ್ರಾಸ. ಡಿಗ್ರಿ ಓದುವ ಹುಡುಗರಿಗೆ ಹೇಳಿದರೆ ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ.

ಕೆಲಸ ಶುರುವಾದ ಮೇಲೆ

ಕ್ರಿಯಾ ಯೋಜನೆಗೆ ಸೇರಿದ ಮೇಲೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಮಂಜೂರಾತಿ ಆಗುತ್ತದೆ, ಟೆಂಡರ್ ಅಥವಾ ನೇರ ಕೆಲಸ ಆಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. ಒಂದೇ ಬೀದಿಯ ಒಂದೇ ಚರಂಡಿಯನ್ನು "ಇವರ ಮನೆಯಿಂದ ಅವರ ಮನೆವರೆಗೆ", "ಅವರ ಮನೆಯಿಂದ ಮೋರಿವರೆಗೆ" ಅಂತ ತುಂಡು ತುಂಡು ಮಾಡಿ ಬರೆದಿದ್ದರೆ, ಟೆಂಡರ್ ತಪ್ಪಿಸಲು ಹೀಗೆ ಮಾಡಿದ್ದಾರಾ ಅಂತ ಕೇಳುವುದು ನಿಮ್ಮ ಹಕ್ಕು. ಬೇರೆ ಬೇರೆ ವರ್ಷದ ಹಣವಾದ್ದರಿಂದ ಹಾಗೆ ಬರೆದಿರಲೂಬಹುದು. ಕಾಗದ ನೋಡಿದರೆ ತಿಳಿಯುತ್ತದೆ.

ಸ್ಥಳದಲ್ಲಿ ನಾಮಫಲಕ ಇರಬೇಕು: ಕೆಲಸದ ಹೆಸರು, ಮೊತ್ತ, ಯಾವ ಅನುದಾನ, ಶುರುವಾದ ದಿನ. ಅದರ ಫೋಟೋ ತೆಗೆದಿಡಿ. ಚರಂಡಿ ಅಗೆದಾಗ, ಬೆಡ್ ಹಾಕಿದಾಗ, ಗೋಡೆ ಎದ್ದಾಗ ಒಂದೊಂದು ಫೋಟೋ. ಕಾಂಕ್ರೀಟ್ ಮುಚ್ಚಿದ ಮೇಲೆ ಒಳಗೆ ಏನಿತ್ತು ಅಂತ ಯಾರಿಗೂ ಕಾಣುವುದಿಲ್ಲ, ಅಲ್ವಾ?

ಕೆಲಸ ಮುಗಿದ ಮೇಲೆ ಎಂಜಿನಿಯರ್ ಅಳತೆ ಮಾಡಿ ಎಂ.ಬಿ. ಪುಸ್ತಕದಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯುತ್ತಾರೆ. ಬಿಲ್ ಆಗುವುದು ಆ ಅಳತೆಯ ಮೇಲೆ. ಹಾಗಾಗಿ ನಡಾವಳಿ ಆದ ಮೇಲೆ ನೀವು ನೋಡಬೇಕಾದ ಎರಡನೇ ಪುಸ್ತಕ ಇದು.

ನಮ್ಮ ಚರಂಡಿಯ ಎಂ.ಬಿ. ಪ್ರತಿ ಕೈಗೆ ಬಂದಾಗ ಅದರಲ್ಲಿ 100 ಮೀಟರ್ ಅಂತಿತ್ತು. ನಾವು ಟೇಪ್ ಹಿಡಿದಾಗ ಸಿಕ್ಕಿದ್ದು 84. ಮೂರು ಸಲ ಅಳೆದೆವು. ಕೊನೆಯ 16 ಮೀಟರ್, ಅಂದರೆ ಅಂಗನವಾಡಿ ಮುಂದಿನ ಭಾಗವೇ, ಆಗಿರಲಿಲ್ಲ.

ಜಮಾಬಂದಿ: ವರ್ಷಕ್ಕೊಮ್ಮೆ ತೆರೆಯುವ ಬಾಗಿಲು

ಕರ್ನಾಟಕದಲ್ಲಿ ಪಂಚಾಯಿತಿ ಜಮಾಬಂದಿ ಅಂತ ಒಂದು ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದ ಜಮಾ, ಖರ್ಚು, ಕಾಮಗಾರಿ, ದಾಖಲೆ ಎಲ್ಲವನ್ನೂ ಜನರ ಮುಂದೆ ಇಡಬೇಕು. ಮೇಲಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ದಾಖಲೆ ನೋಡುತ್ತಾರೆ, ಕಾಮಗಾರಿ ಸ್ಥಳಕ್ಕೂ ಹೋಗಬಹುದು. ಇದಕ್ಕೆ ಜನ ಬರುವುದೇ ಇಲ್ಲ. ನಾವು ಹೋದ ದಿನ ಸಿಬ್ಬಂದಿ ಬಿಟ್ಟರೆ ಹೊರಗಿನವರು ಹನ್ನೊಂದು ಜನ ಇದ್ದೆವು.

ನಾವು ಗಲಾಟೆ ಮಾಡಲಿಲ್ಲ. ಯಾರನ್ನೂ ಕಳ್ಳ ಅನ್ನಲಿಲ್ಲ. ಮೇಷ್ಟ್ರು ಮೂರು ಕಾಗದ ಮುಂದಿಟ್ಟರು: ನಿರ್ಣಯದ ಪ್ರತಿ, ಎಂ.ಬಿ. ಪುಟ, ನಾಮಫಲಕದ ಫೋಟೋ. "ಸಾರ್, ಇದರಲ್ಲಿ 100 ಇದೆ. ದಯವಿಟ್ಟು ನಮ್ಮ ಜೊತೆ ಬಂದು ಅಳೆಯಿರಿ" ಅಂದರು. ಅಧಿಕಾರಿ ಬಂದರು. ಬಿಸಿಲಲ್ಲಿ ನಿಂತು ಅಳೆದರು. 84 ಅಂತ ತಮ್ಮ ವರದಿಯಲ್ಲಿ ಬರೆದುಕೊಂಡರು. ನಾವು ಆ ಸಾಲನ್ನು ಓದಿಸಿ ಕೇಳಿದ ಮೇಲೆಯೇ ಅಲ್ಲಿಂದ ಹೊರಟದ್ದು.

ಇದರ ಹೊರತಾಗಿ ಉದ್ಯೋಗ ಖಾತ್ರಿ ಕೆಲಸಗಳಿಗೆ ಸಾಮಾಜಿಕ ಲೆಕ್ಕ ಪರಿಶೋಧನೆ ಇದೆ. ಅದರ ತಂಡ ಮನೆ ಮನೆಗೆ ಬಂದು ಕೇಳುತ್ತದೆ, ಕೊನೆಗೆ ಗ್ರಾಮ ಸಭೆಯಲ್ಲಿ ವರದಿ ಓದುತ್ತದೆ. ನಿಮ್ಮ ಜಾಬ್ ಕಾರ್ಡಿನಲ್ಲಿ ನೀವು ಮಾಡದ ಕೆಲಸದ ದಿನ ಬರೆದಿದ್ದರೆ ಹೇಳಬೇಕಾದ ಜಾಗ ಅದು. ಸರ್ಕಾರದ ಲೆಕ್ಕ ಪರಿಶೋಧನೆಯೂ ಆಗುತ್ತದೆ. ಅದರ ಆಕ್ಷೇಪಣೆಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಲೆಕ್ಕ ಬಲ್ಲವರು ಈಗಾಗಲೇ ಹುಡುಕಿಟ್ಟ ತಪ್ಪುಗಳು ಅದರಲ್ಲಿರುತ್ತವೆ, ನಾವು ಮತ್ತೆ ಹುಡುಕಬೇಕಾಗಿಲ್ಲ.

ಪಂಚಾಯಿತಿಯಲ್ಲೇ ಸರಿಹೋಗದಿದ್ದರೆ

ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಸಿಇಒ. ಲಂಚ, ಹಣ ದುರುಪಯೋಗದ ವಿಷಯವಾದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಆದರೆ ಒಂದೇ ದಿನ ಎಲ್ಲರಿಗೂ ದೂರು ಕಳಿಸಬೇಡಿ. ಒಬ್ಬರು ಇನ್ನೊಬ್ಬರಿಗೆ "ಮುಂದಿನ ಕ್ರಮಕ್ಕೆ" ಅಂತ ಕಳಿಸುತ್ತಾ, ಕೊನೆಗೆ ಅದು ಅದೇ ಪಿಡಿಒ ಮೇಜಿಗೆ ವಾಪಸ್ ಬರುತ್ತದೆ. ಒಂದು ಮೆಟ್ಟಿಲು ಹತ್ತಿ, ಉತ್ತರಕ್ಕೆ ಕಾಯಿರಿ, ಆ ಉತ್ತರವನ್ನೇ ಜೊತೆಗಿಟ್ಟು ಮುಂದಿನ ಮೆಟ್ಟಿಲಿಗೆ ಹೋಗಿ.

ಮತ್ತೆ, ಒಬ್ಬರೇ ಹೋಗಬೇಡಿ. ಹಳ್ಳಿಯಲ್ಲಿ ನಾಳೆ ಮತ್ತೆ ಎಲ್ಲರ ಮುಖ ನೋಡಬೇಕು. ಸ್ವಸಹಾಯ ಸಂಘದ ಹೆಂಗಸರು, ಹಾಲಿನ ಡೇರಿಯವರು, ಯುವಕ ಸಂಘದವರು ಯಾರಾದರೂ ನಾಲ್ಕು ಜನ ಜೊತೆಗಿದ್ದರೆ ಕೇಳುವವರಿಗೂ ಧೈರ್ಯ, ಉತ್ತರ ಕೊಡುವವರಿಗೂ ಇದು ಯಾರದೋ ವೈಯಕ್ತಿಕ ದ್ವೇಷ ಅಲ್ಲ ಅಂತ ಗೊತ್ತಾಗುತ್ತದೆ.

ನಾವು ಇಒವರೆಗೆ ಹೋಗಬೇಕಾಗಿ ಬರಲಿಲ್ಲ. ಜಮಾಬಂದಿ ವರದಿಯಲ್ಲಿ 84 ಅಂತ ಬಿದ್ದ ಮೇಲೆ ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಬಂತು, ಗುತ್ತಿಗೆದಾರರಿಂದಲೇ ಬಾಕಿ ಕೆಲಸ ಮಾಡಿಸಲು ನಿರ್ಣಯ ಆಯಿತು. ಈ ಸಲ ನಿರ್ಣಯದಲ್ಲಿ ಬೀದಿಯ ಹೆಸರೂ ಇತ್ತು, 16 ಮೀಟರ್ ಅಂತಲೂ ಇತ್ತು. ಯುಗಾದಿ ಕಳೆದ ಮೇಲೆ ಕಾಂಕ್ರೀಟ್ ಬಿತ್ತು. ಅದರ ಎಂ.ಬಿ. ಪ್ರತಿಗೆ ಹೋದ ವಾರ ಅರ್ಜಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದಿದ್ದೇವೆ.